ಕೆಂಪು ಬಿಲ್ಲೆ ಬೇಗ ಸವೆದ ವರ್ಷ

ಮೂಸಂಬಿ 214, ಸೀಬೆ 61, ದಾಳಿಂಬೆ 38, ಚಕ್ಕೋತ 4, ದ್ರಾಕ್ಷಿ ಹನ್ನೊಂದು ಪೊಟ್ಟಣ. ಇದು 1991ರಲ್ಲಿ ನನ್ನನ್ನು ನೋಡಲು ಬಂದವರು ತಂದುಕೊಟ್ಟ ಹಣ್ಣಿನ ಲೆಕ್ಕ. ನೋಡಲು ಬಂದವರು ಎಂದೆ. ನಿಜವಾಗಿ ನನ್ನ ಮುಖ ನೋಡಿದವರು ಒಂಬತ್ತೇ ಮಂದಿ. ಉಳಿದವರು ಕೆಳಗೆ ಅಮ್ಮನ ಕೈಗೆ ಚೀಲ ಕೊಟ್ಟು, "ಬೇಗ ಹುಷಾರಾಗ್ಲಿ ಕಣಮ್ಮ" ಎಂದು ಹೇಳಿ, ಕಾಫಿಗೂ ನಿಲ್ಲದೆ ಹೋದವರು.

ಆ ವರ್ಷ ಮಾಳಿಗೆಯ ಕೋಣೆಯಲ್ಲಿ ಕುಳಿತು ನಾನು ಮನಸ್ಸಿನಲ್ಲೇ ಒಬ್ಬರನ್ನು ಹುಡುಕುತ್ತಿದ್ದೆ. ಇದೇ ಟಿಬಿ ಬಂದು, ಹೀಗೇ ಒಬ್ಬರೇ ಕೂತಿದ್ದು, ಮತ್ತೆ ಎಲ್ಲರ ನಡುವೆ ಹೋಗಿ ಸೇರಿದ ಯಾರಾದರೂ ಒಬ್ಬರು. ದೊಡ್ಡಬಳ್ಳಾಪುರದಂಥ ಮಗ್ಗದ ಊರಿನಲ್ಲಿ ಅಂಥವರು ಇಲ್ಲದಿರಲು ಸಾಧ್ಯವಿಲ್ಲ. ಆದರೆ ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಅದಕ್ಕೇ ನಾನು ಹೇಳಿಕೊಳ್ಳುತ್ತಿದ್ದೇನೆ. ದಿನಾಂಕಗಳು ನನ್ನ ಡೈರಿಯವು, ನೆನಪಿನವಲ್ಲ.

ನಮ್ಮ ಮನೆಯ ಕೆಳಗೆ ಆರು ಪವರ್‌ಲೂಮ್ ಮಗ್ಗಗಳ ಶೆಡ್ಡಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನಾನು ಅಲ್ಲಿ ಎರಡು ಕೆಲಸ ಮಾಡುತ್ತಿದ್ದೆ. ಒಂದು, ಸೀರೆಯ ಅಂಚಿನ ಹೂವು ಹಂಸಗಳನ್ನು ಚೌಕುಳಿ ಕಾಗದದ ಮೇಲೆ ಬಿಡಿಸಿ, ಒಂದೊಂದು ಮನೆಗೂ ಬಣ್ಣ ತುಂಬುವುದು. ಹೂವಿಗೊಂದು ಬಣ್ಣ, ಸೀರೆಯ ಮೈಗೊಂದು ಬಣ್ಣ. ಖಾಲಿ ಮನೆ ಬಿಡುವಂತಿರಲಿಲ್ಲ. ಬಿಟ್ಟರೆ ಅದನ್ನು ನೋಡಿ ಮಗ್ಗಕ್ಕೆ ಹೂವಿನ ವಿನ್ಯಾಸ ತಿಳಿಸುವ ರಟ್ಟಿನ ಕಾರ್ಡಿಗೆ ತೂತು ಹೊಡೆಯುವವರು ತಪ್ಪು ಮಾಡುತ್ತಿದ್ದರು. ಇನ್ನೊಂದು ಕೆಲಸ, ನೂಲಿನ ಬಣ್ಣ ಹೊಂದಿಸುವುದು. ವ್ಯಾಪಾರಿ ಒಂದು ತುಂಡು ಸೀರೆ ತಂದು "ಇದೇ ಕೆಂಪು ಬೇಕು" ಎಂದರೆ, ಹತ್ತು ಕೆಂಪು ನೂಲಿನ ಲಚ್ಚಿಗಳಲ್ಲಿ ಅದೇ ಕೆಂಪನ್ನು ನಾನು ತೆಗೆದುಕೊಡಬೇಕು. ಶೆಡ್ಡಿನ ಉತ್ತರದ ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದ ಕಡೆ, ಅದಕ್ಕಾಗಿ ನನಗೊಂದು ಕುರ್ಚಿ ಇತ್ತು.

"ಮಗ್ಗ ಯಾರಾದ್ರೂ ನಡೆಸ್ತಾರೆ. ಕಣ್ಣಿರೋಳು ನೀನೊಬ್ಳೆ ಕಣಮ್ಮ ರತ್ನ" ಎಂದು ಅಪ್ಪ ಹೇಳುತ್ತಿದ್ದರು. ನಾನು ಓದಿನಲ್ಲಿ ಸಾಧಾರಣ, ನೋಡಲು ಸಾಧಾರಣ. ಆ ಮಾತೊಂದೇ ನನ್ನ ಆಸ್ತಿ.

ಕೆಮ್ಮು ಶುರುವಾದಾಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮ್ಮ ಬೀದಿಯಲ್ಲಿ ನೂಲಿನ ಧೂಳಿಗೆ ಎಲ್ಲರೂ ಕೆಮ್ಮುತ್ತಾರೆ. ಮೂರು ತಿಂಗಳಲ್ಲಿ ಏಳು ಕಿಲೋ ಇಳಿದ ಮೇಲೆ ಅಪ್ಪ ಆಸ್ಪತ್ರೆಗೆ ಕರೆದೊಯ್ದರು. ಮೂರು ಬೆಳಗಿನ ಕಫ, ಒಂದು ಎಕ್ಸ್‌ರೇ. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಟಿಬಿ ಎಂದರು. ಅಪ್ಪ, "ನಮ್ಮನೇಲಿ ಯಾರಿಗೂ ಇರ್ಲಿಲ್ವಲ್ಲ ಸಾರ್" ಎಂದರು, ಡಾಕ್ಟರು ಬೇರೆ ಯಾರದೋ ಮನೆಯ ಎಕ್ಸ್‌ರೇ ಹಿಡಿದಿದ್ದಾರೆ ಎನ್ನುವ ಹಾಗೆ. "ಈಗ ಇದೆ. ಗುಣ ಆಗುತ್ತೆ. ಮಾತ್ರೆ ಒಂದು ದಿನಾನೂ ತಪ್ಪಿಸಬಾರ್ದು, ಅಷ್ಟೆ" ಎಂದರು ಡಾಕ್ಟರು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಹೊಸಕೋಟೆಯ ಕಡೆಯಿಂದ ಬಂದಿದ್ದ ಗಂಡಿನವರು ಮರುವಾರದಿಂದ ಸುಮ್ಮನಾದರು. ಯಾರು ಹೋಗಿ ಹೇಳಿದರೋ ತಿಳಿಯದು.

ಫೆಬ್ರವರಿ 18ರಂದು ನಾನು ಮಾಳಿಗೆಯ ಮೇಲಿನ ನೂಲಿನ ಕೋಣೆಗೆ ಹೋದೆ. ಕಾರಣ ಲಲಿತತ್ತಿಗೆ. ಅಣ್ಣನ ಹೆಂಡತಿ, ನನಗಿಂತ ಒಂದೇ ವರ್ಷ ದೊಡ್ಡವರು, ಆಗ ಎರಡು ತಿಂಗಳ ಬಸುರಿ. ಮೆಟ್ಟಿಲು ಹದಿನಾರು. ಅತ್ತಿಗೆ ಎಂಟನೆಯದರವರೆಗೆ ಬರಬಹುದು ಎಂದು ಅಮ್ಮ ಗೆರೆ ಹಾಕಿದಳು. ಎರಡು ತಿಂಗಳು ಮಾತ್ರೆ ನುಂಗಿದ ಮೇಲೆ ಭಯವಿಲ್ಲ, ಜೊತೆಗೇ ಇರಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿದರೂ ಅಮ್ಮ ಒಪ್ಪಲಿಲ್ಲ. "ಡಾಕ್ಟ್ರಿಗೇನು, ಅವರ ಸೊಸೆ ಬಸುರಿಯಾ?" ಎಂದಳು. ನನ್ನ ತಟ್ಟೆ, ಲೋಟ, ಚಾಪೆ ಮೇಲೇ ಉಳಿದವು. ಮೇಲೆ ಹೋದ ಪಾತ್ರೆ ಬಟ್ಟೆ ಯಾವುದೂ ಕೆಳಗೆ ಬರುವಂತಿರಲಿಲ್ಲ.

ಡೈರಿಯಲ್ಲಿ ಉದ್ದ ಗೆರೆ ಎಳೆದು ಅಂಕಣ ಮಾಡಿದೆ: ತೂಕ, ಜ್ವರ, ಮಾತ್ರೆ, ಕೆಮ್ಮು. ಆಸ್ಪತ್ರೆಯವರು "ಈ ಮಾತ್ರೆಗೆ ಕಣ್ಣು ಮಂಜಾದ್ರೆ ತಕ್ಷಣ ಬಂದು ಹೇಳ್ಬೇಕು" ಎಂದಿದ್ದರಿಂದ ಕೊನೆಗೆ "ಮಂಜು" ಎಂದು ಇನ್ನೊಂದು ಅಂಕಣ. ದಿನಾ ಬೆಳಿಗ್ಗೆ ಬಾಗಿಲ ಹತ್ತಿರ ನಿಂತು ಎದುರಿನ ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದುತ್ತಿದ್ದೆ. ಓದಲು ಬಂದರೆ "ಇಲ್ಲ" ಎಂದು ಬರೆಯುತ್ತಿದ್ದೆ.

ಇನ್ನೊಂದು ಲೆಕ್ಕವಿತ್ತು, ಕರೆಂಟು ಹೋದ ಹೊತ್ತಿನದು. ಆರು ಮಗ್ಗ ಓಡುವಾಗ ಕಿವಿಯ ಹತ್ತಿರ ಕೂಗಿದರೂ ಕೇಳುವುದಿಲ್ಲ. ಕರೆಂಟು ಹೋದರೆ ಮಾತ್ರ ಮನೆಗೆ ಧ್ವನಿ ಬರುತ್ತಿತ್ತು. ಆಗ ಅತ್ತಿಗೆ ಎಂಟನೇ ಮೆಟ್ಟಿಲಿಗೆ ಬಂದು ಕೂರುತ್ತಿದ್ದರು. ನಾನು ಹದಿನಾರನೆಯದರಲ್ಲಿ. ಊರೆಲ್ಲ ಕರೆಂಟು ಬರಲಿ ಎಂದು ಕಾಯುವಾಗ ನಾನು ಹೋಗಲಿ ಎಂದು ಕಾಯುತ್ತಿದ್ದೆ. ಮಾರ್ಚಿನಲ್ಲಿ ಒಟ್ಟು 41 ಗಂಟೆ ಹೋಯಿತು. ಒಳ್ಳೆಯ ತಿಂಗಳು.

"ಹಣ್ಣು ತಿಂತಿದ್ಯೇನೇ?" ಎಂದು ಒಂದು ದಿನ ಕೇಳಿದರು.

"ಎಷ್ಟಂತ ತಿನ್ಲಿ ಅತ್ತಿಗೆ? ಟ್ರಂಕಿನ ಮೇಲೆ ಸಾಲಾಗಿ ಕೂತು ನನ್ನೇ ನೋಡ್ತವೆ."

"ನೀನೂ ಅವನ್ನ ನೋಡು. ಬರ್ಕೋ. ಸುಮ್ನೆ ಕೂತು ಕೆಮ್ಮು ಎಣಿಸೋದಕ್ಕಿಂತ ವಾಸಿ."

ಮರುದಿನ ಎಂಟನೇ ಮೆಟ್ಟಿಲ ಮೇಲೆ ಶಾಲೆಯ ಮಕ್ಕಳ ಬಣ್ಣದ ಡಬ್ಬಿ, ಡ್ರಾಯಿಂಗ್ ಪುಸ್ತಕ ಇದ್ದವು. ಹನ್ನೆರಡು ಬಿಲ್ಲೆಗಳ ನೀರು ಬಣ್ಣ. ಮೊದಲ ಚಿತ್ರ ಮಾರ್ಚ್ 9, ಮೂಸಂಬಿ. ಕುಂಚ ಹಿಡಿಯಲು ನನಗೆ ಬರುತ್ತಿತ್ತು, ಆದ್ದರಿಂದ ಸುಲಭ ಎಂದುಕೊಂಡೆ. ಅಂಚು ಎಳೆದು, ಒಳಗೆಲ್ಲ ಒಂದು ಚುಕ್ಕೆಯೂ ಬಿಡದಂತೆ ಹಳದಿ ತುಂಬಿದೆ. ಅದು ಹಣ್ಣಾಗಲಿಲ್ಲ, ಬಿಂದಿಯಾಯಿತು. ಏಳು ಮೂಸಂಬಿ ಹಾಗೇ ಆದವು. ಹೈಸ್ಕೂಲಿನ ನಮ್ಮ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾಗಿ ಸಾಸಲಿನಲ್ಲಿ ಹೊಲ ನೋಡಿಕೊಂಡಿದ್ದರು. ಅವರಿಗೆ ಕಾರ್ಡು ಬರೆದೆ. ಹನ್ನೆರಡನೇ ದಿನ ಉತ್ತರ ಬಂತು: "ನೀನು ಗ್ರಾಫ್ ತುಂಬುವವಳು, ಅದೇ ತೊಂದರೆ. ನೀರು ಬಣ್ಣದಲ್ಲಿ ಬಿಳಿ ಬಿಲ್ಲೆ ಮುಟ್ಟಬೇಡ. ಬೆಳಕು ಬಿದ್ದ ಜಾಗದಲ್ಲಿ ಕಾಗದವನ್ನು ಹಾಗೇ ಬಿಡು. ಮೊದಲು ನೀರಾದ ತೆಳು ಬಣ್ಣ, ಅದು ಪೂರ್ತಿ ಒಣಗಿದ ಮೇಲೆ ಎರಡನೆಯದು. ಒಣಗುವವರೆಗೆ ಕೈ ಕಟ್ಟಿ ಕೂರು."

ಬಿಡುವುದು ಎಷ್ಟು ಕಷ್ಟ ಎಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಖಾಲಿ ಬಿಟ್ಟ ಚುಕ್ಕೆಯನ್ನು ನೋಡಿದರೆ ನನ್ನ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಕೂತದ್ದೂ ಉಂಟು. ಏಪ್ರಿಲ್ 14ರ ಟೊಮೆಟೊದಲ್ಲಿ ಮೊದಲ ಬಾರಿ ಬಿಳಿ ಉಳಿಯಿತು. ಅದು ಉರುಳಿ ಬೀಳುವ ಹಾಗೆ ಗುಂಡಗಿತ್ತು. ಪುಸ್ತಕ ಎತ್ತಿ ಹಿಡಿದು ತೋರಿಸಿದೆ. ಅತ್ತಿಗೆ ಎಂಟನೇ ಮೆಟ್ಟಿಲಿಂದ ಕತ್ತು ಚಾಚಿ, "ಸಾರಿಗೆ ಹಾಕ್ಬೋದು ಕಣೆ" ಎಂದರು.

ಮೊದಲ ಡಬ್ಬಿಯ ಕೆಂಪು ಬಿಲ್ಲೆ ಎಪ್ಪತ್ತೆರಡು ದಿನ ಬಂತು. ಎರಡನೇ ಡಬ್ಬಿಯದು ಇಪ್ಪತ್ತಾರು ದಿನ. ಮೂರನೆಯದು ಹನ್ನೆರಡು. ಲೆಕ್ಕ ನನ್ನ ಕಣ್ಣ ಮುಂದೆಯೇ ಇತ್ತು. ನಾನು ಅದನ್ನು ಓದಲಿಲ್ಲ. ಬಣ್ಣದ ಕಂಪನಿ ಮೋಸ ಮಾಡುತ್ತಿದೆ ಎಂದುಕೊಂಡೆ. ದಾಳಿಂಬೆಗೆ ಎಷ್ಟು ಬಳಿದರೂ ಕೆಂಪಾಗುತ್ತಿರಲಿಲ್ಲ. ಒಣಗಿದ ಮೇಲೆ ಮತ್ತೆ ಬಳಿಯುವುದು, ಕಾಗದ ನಾರು ಏಳುವವರೆಗೆ. ಮೇಷ್ಟ್ರಿಗೆ ಬರೆದರೆ, "ಬಣ್ಣ ಕೆಟ್ಟಿಲ್ಲ. ಲೋಟದ ನೀರು ಬದಲಾಯಿಸು, ಸೋಮಾರಿ" ಎಂದು ಉತ್ತರ. ನೀರು ಬದಲಾಯಿಸಿದೆ. ಜೂನ್ 27ರ ಮಧ್ಯಾಹ್ನ ತಟ್ಟೆಯಲ್ಲಿದ್ದ ದಾಳಿಂಬೆಯನ್ನೇ ನೋಡಿದೆ. ಅದೂ ಕೆಂಪಿರಲಿಲ್ಲ. ಹಳೆಯ ಗೋಣಿಚೀಲದ ಬಣ್ಣ. ಗೋಡೆಯ ಕ್ಯಾಲೆಂಡರಿನ ರಜೆಯ ದಿನಗಳೂ ಹಾಗೇ ಇದ್ದವು.

ಅಕ್ಷರಗಳು ಮಾತ್ರ ಸ್ಪಷ್ಟವಾಗಿದ್ದವು. ಮಂಜು: ಇಲ್ಲ. ಆಸ್ಪತ್ರೆಯವರು ಕೇಳಿದ್ದು ಮಂಜನ್ನು, ಬಣ್ಣವನ್ನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆಯಿತ್ತು. ಹೇಳಿದರೆ ಮಾತ್ರೆ ನಿಲ್ಲಿಸುತ್ತಾರೆ, ಎದೆ ಮತ್ತೆ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಶೆಡ್ಡಿನ ಆ ಕುರ್ಚಿ ಹೋಗುತ್ತದೆ. ಮದುವೆಯಿಲ್ಲ, ಕುರ್ಚಿಯೂ ಇಲ್ಲ ಎಂದರೆ ನಾನು ಕೆಳಗಿಳಿದು ಬಂದು ಎಲ್ಲಿ ಕೂರುವುದು? ಡೈರಿಯಲ್ಲಿ ಒಂದು ಸಾಲು ಬರೆದು, ಅಕ್ಷರ ಕಾಣದ ಹಾಗೆ ಹೊಡೆದುಹಾಕಿದೆ.

ಜುಲೈ 6ರಂದು ಕರೆಂಟು ಹೋದಾಗ ಅತ್ತಿಗೆ ಎರಡು ಲಚ್ಚಿ ನೂಲು, ಒಂದು ತುಂಡು ಸೀರೆಯಂಚು ತಂದು ಎಂಟನೇ ಮೆಟ್ಟಿಲ ಮೇಲೆ ಇಟ್ಟರು. "ಮದುವೆ ಸೀರೆ ಕಣೆ, ನಾಲ್ಕು. ಮಾವ ಹೇಳಿದ್ರು, ನಮ್ಮ ಕಣ್ಣಿಗೆ ಎರಡೂ ಒಂದೇ ಥರ ಕಾಣ್ತವೆ, ಸರಿಯಾದ್ದಕ್ಕೆ ರತ್ನ ಗಂಟು ಹಾಕ್ಕೊಡ್ಲಿ ಅಂತ."

ಅವರು ಇಳಿದ ಮೇಲೆ ಹೋಗಿ ತಂದೆ. ಅವರ ಕಣ್ಣಿಗೆ ಒಂದೇ ಥರದವು, ನನ್ನ ಕಣ್ಣಿಗೂ ಒಂದೇ. ಐದು ತಿಂಗಳ ಹಿಂದೆ ಕತ್ತಲಲ್ಲಿಯಾದರೂ ಹೇಳುತ್ತಿದ್ದೆ. ಕಿಟಕಿಗೆ ಹಿಡಿದೆ, ನೆರಳಿಗೆ ಹಿಡಿದೆ, ಮೂಸಿಯೂ ನೋಡಿದೆ. ಕೊನೆಗೆ ಎಡಗೈಯಲ್ಲಿದ್ದುದಕ್ಕೆ ಗಂಟು ಹಾಕಿದೆ.

ನಾಲ್ಕೂ ಸೀರೆ ನೇಯ್ದಾಯಿತು. ಜುಲೈ 24ರಂದು ವ್ಯಾಪಾರಿ ಅವನ್ನು ವಾಪಸು ತಂದು ಶೆಡ್ಡಿನಲ್ಲಿ ಹರಡಿದ. ಆ ಹೊತ್ತಿಗೆ ಕರೆಂಟು ಹೋಗಿತ್ತು, ಒಂದೊಂದು ಮಾತೂ ಮೇಲಕ್ಕೆ ಬಂತು.

"ಕುಂಕುಮ ಕೇಳಿದ್ರೆ ಇಟ್ಟಿಗೆ ನೇಯ್ದಿದೀರಲ್ಲ ಯಜಮಾನ್ರೇ! ಪಕ್ಕ ಇಟ್ರೆ ಮಗೂನೂ ಹೇಳುತ್ತೆ."

ಅಪ್ಪ ಸೀರೆ ಎಳೆದುಕೊಂಡ ಸದ್ದಾಯಿತು. ಆಮೇಲೆ, "ನನ್ನ ಮಗಳು ಬಣ್ಣ ತಪ್ಪೋಳಲ್ಲ. ಲಲಿತಾ, ಮೆಟ್ಟಿಲಲ್ಲಿ ಗಂಟು ಬಿಚ್ಚೋಯ್ತಾ? ನೀನೇ ಮತ್ತೆ ಹಾಕಿದ್ಯಾ?"

"ಇಲ್ಲ ಮಾವ... ಇರ್ಬೋದು. ನಂಗೆ ಗ್ಯಾನ ಇಲ್ಲ" ಎಂದರು ಅತ್ತಿಗೆ.

"ಗ್ಯಾನ ಇಲ್ಲದೋರು ಯಾಕೆ ಮುಟ್ಬೇಕಿತ್ತು!" ಎಂದರು ಅಪ್ಪ.

ನಾನು ಹದಿನಾರನೇ ಮೆಟ್ಟಿಲ ಮೇಲೆ ಕೂತಿದ್ದೆ. ಒಂದು ಮಾತು ಸಾಕಾಗಿತ್ತು. ಆಡಲಿಲ್ಲ. ಅಂದಿನಿಂದ ನೂಲು, ಊಟ, ಎಲ್ಲವನ್ನೂ ಮೇಲಕ್ಕೆ ತರುವ ಕೆಲಸವನ್ನು ಅಮ್ಮ ಅತ್ತಿಗೆಯಿಂದ ಕಿತ್ತುಕೊಂಡಳು. ಕರೆಂಟು ಹೋಯಿತು, ಬಂತು. ಎಂಟನೇ ಮೆಟ್ಟಿಲು ಖಾಲಿ. ಐದು ದಿನ, ಮಾತು ಸೊನ್ನೆ ಗಂಟೆ. ಅತ್ತಿಗೆಗೆ ಏಳು ತಿಂಗಳು ತುಂಬಿತ್ತು. ಜುಲೈ 30ರ ಬೆಳಿಗ್ಗೆ ನೆಲಮಂಗಲದ ತವರಿಗೆ ಬಾಣಂತನಕ್ಕೆ ಹೊರಡುವವರಿದ್ದರು. ನನ್ನ ತಪ್ಪನ್ನು ತಮ್ಮದೆಂದು ನಂಬಿಕೊಂಡು ಹೋಗುತ್ತಾರೆ, ಅಲ್ಲಿ ಅವರಮ್ಮ ಕೇಳಿದರೆ ಅದನ್ನೇ ಹೇಳುತ್ತಾರೆ.

ಜುಲೈ 29, ನಾನು ಮೇಲೆ ಹೋಗಿ 162ನೇ ದಿನ, ಮಧ್ಯಾಹ್ನ ಮಗ್ಗಗಳು ನಿಂತವು. ನಾನು ಎದ್ದು ನಿಂತು ಕೂಗಿದೆ.

"ಅಪ್ಪಾ, ಗಂಟು ಹಾಕಿದ್ದು ನಾನೇ. ಅತ್ತಿಗೆ ಮುಟ್ಟಿಲ್ಲ. ನಂಗೆ ಕೆಂಪು ಕಾಣ್ತಿಲ್ಲ."

ಕೆಳಗೆ ಪಾತ್ರೆ ಇಟ್ಟ ಸದ್ದು. ಮೊದಲು ಬಂದವರು ಅತ್ತಿಗೆ. ಅಮ್ಮ ಹಿಂದಿನಿಂದ "ಲಲಿತಾ, ಹತ್ಬೇಡ" ಎನ್ನುತ್ತಲೇ ಇದ್ದಳು. ಅವರು ಹೊಟ್ಟೆ ಹಿಡಿದುಕೊಂಡು ಎಂಟನ್ನು ದಾಟಿ, ಹನ್ನೆರಡಕ್ಕೆ ಬಂದು ನಿಂತರು. ನನ್ನ ಕಣ್ಣಿಗೇನಾಯಿತು ಎಂದು ಕೇಳುತ್ತಾರೆ ಎಂದುಕೊಂಡಿದ್ದೆ.

"ಐದು ದಿನ ಕೇಳ್ತಾ ಕೂತಿದ್ಯಾ?" ಎಂದರು.

ನಾನು ತಲೆಯಾಡಿಸಿದೆ.

"ನಾನು ಹುಚ್ಚಿ ಥರ ಗಂಟು ಯಾವಾಗ ಬಿಚ್ದೆ, ಯಾವಾಗ ಬಿಚ್ದೆ ಅಂತ ನೆನೆಸ್ಕೊಂಡು ಅಳ್ತಿದ್ದೆ ಕಣೆ." ಇಳಿದು ಹೋದರು. ಮರುದಿನ ನನಗೆ ಹೇಳದೆ ಹೊರಟರು.

ಅಪ್ಪ ಬಂದದ್ದು ಆಮೇಲೆ. ಆ ಕೋಣೆಗೆ ಅವರು ಬಂದದ್ದು ಅದೇ ಮೊದಲು. ಒಂದು ಕೈಯಲ್ಲಿ ಕೆಂಪು ಲಚ್ಚಿ, ಇನ್ನೊಂದರಲ್ಲಿ ಕಂದು. "ಯಾವ್ದು ಕೆಂಪು?" ನಾನು ತೋರಿಸಿದ್ದು ಕಂದು. ಅವರು ಎರಡನ್ನೂ ಜೇಬಿಗೆ ತುರುಕಿಕೊಂಡು ನನ್ನ ಚಾಪೆಯ ಮೇಲೆ ಕೂತರು. ಡ್ರಾಯಿಂಗ್ ಪುಸ್ತಕದ ಹಾಳೆ ತಿರುವಿ, "ನಾಳೆ ಮೊದಲ್ನೇ ಬಸ್ಸಿಗೆ ಹೋಗೋಣ. ಆ ಪುಸ್ತಕಾನೂ ತಗೋ" ಎಂದರು.

ಆಸ್ಪತ್ರೆಯ ವರಾಂಡದಲ್ಲಿ ನನ್ನ ಚೀಟಿ 43. ಒಂಬತ್ತೂವರೆಯಿಂದ ಒಂದೂ ಕಾಲರವರೆಗೆ ಕಾದೆವು. ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಹೆಂಗಸು, ನನ್ನದೇ ಕಾಯಿಲೆ, ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಕೆಲಸವಂತೆ. ಅವರು ಕಿತ್ತಳೆ ಸುಲಿದು ಅರ್ಧವನ್ನು ನನ್ನ ಕಡೆ ಚಾಚಿದರು. "ತಗೊಳಮ್ಮ. ನಮ್ಮಿಬ್ರಿಗೂ ಇನ್ನೇನು ಅಂಟಬೇಕು?" ಎಂದು ನಕ್ಕರು. ಆರು ತಿಂಗಳಲ್ಲಿ ಕೈಯಿಂದ ಕೈಗೆ ಬಂದ ಹಣ್ಣು ಅದೊಂದೇ. ಅದನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ.

ಡಾಕ್ಟರಮ್ಮ ಡೈರಿಯ "ಮಂಜು: ಇಲ್ಲ" ಸಾಲುಗಳನ್ನು ನೋಡಿದರು. ಆಮೇಲೆ ಡ್ರಾಯಿಂಗ್ ಪುಸ್ತಕ ತೆಗೆದು ತಾರೀಖಿನ ಪ್ರಕಾರ ಒಂದೊಂದೇ ಹಾಳೆ ತಿರುವಿದರು. ಏಪ್ರಿಲಿನ ಟೊಮೆಟೊ ನೋಡಿ ಹುಬ್ಬೇರಿಸಿದರು. ಮೇ ತಿಂಗಳ ಕೊನೆಗೆ ಬಂದಾಗ ನಿಧಾನವಾದರು. ಜೂನಿನ ದಾಳಿಂಬೆಯ ಮೇಲೆ ಬೆರಳಿಟ್ಟರು, ಬೆರಳಿಗೆ ಬಣ್ಣದ ಪುಡಿ ಹತ್ತಿತು.

"ಇದು ರಕ್ತ ಸುರಿದ ಹಾಗಿದೆಯಲ್ಲಮ್ಮ. ನಿಮಗೆ ಹಾಗೆ ಕಾಣ್ಲಿಲ್ವಾ?"

"ಇಲ್ಲ ಮೇಡಂ. ಸಾಲ್ದು ಅನ್ನಿಸ್ತಿತ್ತು."

ಒಂದು ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಹೊಡೆದುಹಾಕಿದರು. ಅದರಿಂದಲೇ ಆಗಿದ್ದು, ನಿಲ್ಲಿಸಿದರೆ ಬಹಳ ಜನಕ್ಕೆ ವಾಪಸು ಬರುತ್ತದೆ, ಎಲ್ಲರಿಗೂ ಅಲ್ಲ ಎಂದರು. "ಮಂಜಾದ್ರೆ ಅಂತ ಹೇಳಿದ್ವಿ. ಬಣ್ಣ ಮಾಸಿದ್ರೂ ಅಂತ ಹೇಳ್ಬೇಕಿತ್ತು" ಎಂದೂ ಅಂದರು. ಓದುವವರಲ್ಲಿ ಈ ಮಾತ್ರೆಗಳನ್ನು ನುಂಗುತ್ತಿರುವವರಿದ್ದರೆ ದಯವಿಟ್ಟು ಇದನ್ನು ನೆನಪಿಡಿ. ನಿಮ್ಮನ್ನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟು ಸುಮ್ಮನಾಗಬೇಡಿ.

ಆಮೇಲೆ ಕಾಯುವುದು. ಪ್ರತಿ ಭಾನುವಾರ ಅಪ್ಪ ಎರಡು ಲಚ್ಚಿ ಹಿಡಿದು ಮೇಲೆ ಬರುತ್ತಿದ್ದರು, ಬೆನ್ನ ಹಿಂದೆ ಕೈ ಬದಲಾಯಿಸಿ ಮುಂದೆ ಚಾಚುತ್ತಿದ್ದರು. ಹನ್ನೊಂದು ವಾರ: ಐದು ಸರಿ, ಆರು ತಪ್ಪು. ಕಣ್ಣು ಮುಚ್ಚಿ ಹೇಳಿದರೂ ಅಷ್ಟೇ ಬರುತ್ತಿತ್ತು. ಸೆಪ್ಟೆಂಬರಿನಲ್ಲಿ ಅತ್ತಿಗೆಗೆ ಹೆಣ್ಣು ಮಗುವಾಯಿತೆಂದು ಕಾಗದ ಬಂತು. ಅಪ್ಪ, ಅಮ್ಮ, ಅಣ್ಣ, ಎಲ್ಲರ ಹೆಸರೂ ಅದರಲ್ಲಿತ್ತು, ನನ್ನದೊಂದು ಬಿಟ್ಟು. ಆ ತಿಂಗಳು ನಾನು ಒಂದೂ ಚಿತ್ರ ಬರೆಯಲಿಲ್ಲ. ಕರೆಂಟಿನ ಲೆಕ್ಕವನ್ನೂ ಬಿಟ್ಟೆ.

ಹನ್ನೆರಡನೇ ಭಾನುವಾರ ಅಪ್ಪ ಕೈ ಚಾಚಿ ಕೇಳುವ ಮೊದಲೇ, "ಬಲಗೈ" ಎಂದೆ.

"ಹೆಂಗೆ ಹೇಳ್ದೆ?"

"ಕಾಣಿಸ್ತು ಅಪ್ಪ."

ಇನ್ನೂ ಮೂರು ಸಲ ಬದಲಾಯಿಸಿದರು. ಮೂರೂ ಸರಿ. ಆಮೇಲೆ ಆ ಲಚ್ಚಿಯಲ್ಲೇ ಮುಖ ಒರೆಸಿಕೊಂಡರು.

ಡಿಸೆಂಬರ್ 11ರಂದು ಕೆಳಗಿಳಿದೆ. ಬಲಗಣ್ಣು ಪೂರ್ತಿ ಬಂದಿತ್ತು, ಎಡಗಣ್ಣು ಅರ್ಧಕ್ಕೆ ನಿಂತಿತು. ಈಗ ಐದು ವರ್ಷವಾಯಿತು, ಇನ್ನೂ ಅಲ್ಲೇ ಇದೆ. ಕುರ್ಚಿ ಅದೇ ಕಿಟಕಿಯ ಪಕ್ಕದಲ್ಲಿತ್ತು. ಬಣ್ಣ ಹೊಂದಿಸುವಾಗ ನಾನು ಎಡಗಣ್ಣು ಮುಚ್ಚುತ್ತೇನೆ. "ಯಾವ ಕಣ್ಣಲ್ಲಿ ನೋಡ್ದೆ ಗುರು?" ಎಂದು ಮಗ್ಗದವರು ಒಬ್ಬರನ್ನೊಬ್ಬರು ಛೇಡಿಸುವುದು ಆಗಲೇ ಶುರುವಾದದ್ದು.

1992ರ ಫೆಬ್ರವರಿಯಲ್ಲಿ ಅತ್ತಿಗೆ ಮಗುವಿನೊಂದಿಗೆ ಬಂದರು. "ಊಟ ಆಯ್ತಾ", "ನೀರು ಕಾದಿದೆ", ಇಷ್ಟೇ ಮಾತು. ಹದಿನೆಂಟು ದಿನ ಹಾಗೇ. ಹತ್ತಿರವೇ ಇದ್ದರು, ಹದಿನಾರು ಮೆಟ್ಟಿಲಿಗಿಂತ ದೂರ.

ಹತ್ತೊಂಬತ್ತನೇ ದಿನ ಅಡುಗೆಮನೆಯ ಕಿಟಕಿಯಲ್ಲಿ ಒಂದು ದಾಳಿಂಬೆ ಇಟ್ಟುಕೊಂಡು ಚಿತ್ರಕ್ಕೆ ಕೂತೆ. ಎಡಗಣ್ಣೊಂದರಿಂದ ಹಣ್ಣನ್ನು ನೋಡುವುದು. ಆಮೇಲೆ ಬಲಗಣ್ಣೊಂದರಿಂದ ಬಣ್ಣ ಬೆರೆಸುವುದು, ಎಡಗಣ್ಣಿಗೆ ಕಂಡದ್ದು ಬರುವವರೆಗೆ. ಕೆಂಪಿಗೆ ಕಂದು, ಕಂದಿಗೆ ತುಸು ಹಸಿರು, ಮತ್ತೆ ನೀರು. ಒಂದು ಪದರ ಒಣಗಲು ಬಿಟ್ಟು ಇನ್ನೊಂದು. ಮಧ್ಯಾಹ್ನ ಪೂರ್ತಿ ಹಿಡಿಯಿತು.

ಅತ್ತಿಗೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹಿಂದೆ ಬಂದು ನಿಂತಿದ್ದರು. "ಇದ್ಯಾಕೆ ಹಿಂಗೆ ಸತ್ತೋಗಿದೆ ಹಣ್ಣು?"

"ಅದೇ ಹಣ್ಣು ಅತ್ತಿಗೆ. ಎಡಗಣ್ಣಿಗೆ ಹಂಗೆ ಕಾಣುತ್ತೆ."

ಅವರು ಕಿಟಕಿಯ ಹಣ್ಣನ್ನು ನೋಡಿದರು, ಕಾಗದವನ್ನು ನೋಡಿದರು, ಮತ್ತೆ ಹಣ್ಣನ್ನು.

"ಆವಾಗ ಮೇಲೆ ಎಲ್ಲಾ ಹಿಂಗೇನಾ?"

"ಎರಡೂ ಕಣ್ಣಿಗೆ. ಎಲ್ಲಾ."

"ನಾನು ತಂದ ಲಚ್ಚಿನೂ?"

"ಹ್ಞೂಂ."

ಅವರು ನನ್ನ ಪಕ್ಕ ಕೂತು, ಮಗುವನ್ನು ನನ್ನ ತೊಡೆಯ ಮೇಲೆ ಇಟ್ಟರು. ಒದ್ದೆ ಕಾಗದವನ್ನು ಅಂಚು ಹಿಡಿದು ಎತ್ತಿ ಬೆಳಕಿಗೆ ಹಿಡಿದರು. "ಹೇಳಿದ್ರೆ ನಾನು ನಂಬ್ತಿರ್ಲಿಲ್ಲ ಕಣೆ" ಎಂದರು. "ಕೆಂಪು ಕಾಣ್ದೇ ಇರೋದು ಅಂದ್ರೆ ಏನೋ ಕತ್ತಲೆ ಅಂದ್ಕೊಂಡಿದ್ದೆ. ಇದಲ್ಲ."

ಮಗು ನನ್ನ ಕೆನ್ನೆಗೆ ಕೈ ಹಾಕಿತು. ಅತ್ತಿಗೆ ತಡೆಯಲಿಲ್ಲ.

ಆ ದಿನದ ಪುಟದಲ್ಲಿ ಹೀಗಿದೆ: ದಾಳಿಂಬೆ, ಎಡಗಣ್ಣಿನದು. ನೋಡಿದವರು, ಇಬ್ಬರು: ನಾನು, ಅತ್ತಿಗೆ.